ಮಾತು ಬಲ್ಲ ಡಾಕ್ಟರೋ, ಕೆಲಸ ಬಲ್ಲ ಡಾಕ್ಟರೋ?

ಪ್ರಶ್ನೆ: ನಮ್ಮ ಅಮ್ಮನಿಗೆ 68 ವರ್ಷ. ಹೃದಯದ ಪಂಪಿಂಗ್ ಕಡಿಮೆ ಇದೆ. ಈ ವರ್ಷ ಎರಡು ಸಲ ಕಾಲು ಊದಿ, ಉಸಿರು ಕಟ್ಟಿ ಆಸ್ಪತ್ರೆಗೆ ಸೇರಿಸಬೇಕಾಯಿತು. ನೋಡುವ ದೊಡ್ಡ ಡಾಕ್ಟರ್ ಹೆಸರುವಾಸಿ, ಆದರೆ ಕಂಪ್ಯೂಟರ್ ಬಿಟ್ಟು ತಲೆ ಎತ್ತುವುದಿಲ್ಲ. ಎರಡನೇ ಸಲ ಸೇರಿಸಿದಾಗ ಇನ್ನೂ ಕಲಿಯುತ್ತಿರುವ ಕಿರಿಯ ಡಾಕ್ಟರ್ ಒಬ್ಬರು ಸ್ಟೂಲ್ ಎಳೆದುಕೊಂಡು ಅಮ್ಮನ ಪಕ್ಕ ಕೂತು ಮಾತಾಡಿಸಿದರು. ಹೊರಗೆ ಹೋಗುವ ದಿನಗಳಲ್ಲಿ ಅಮ್ಮ ನೀರಿನ ಮಾತ್ರೆ ನುಂಗುತ್ತಲೇ ಇರಲಿಲ್ಲ ಅಂತ ಆಗಲೇ ಗೊತ್ತಾಗಿದ್ದು. ನಮಗೆ ಯಾರಿಗೂ ಹೇಳಿರಲಿಲ್ಲ. ಆ ಡಾಕ್ಟರ್ ಬೈಯಲಿಲ್ಲ. ದೊಡ್ಡ ಡಾಕ್ಟರನ್ನು ಕೇಳಿ ಮಾತ್ರೆಯ ಹೊತ್ತು ಬದಲಿಸಿಕೊಟ್ಟರು. ಈಗ ಅಮ್ಮ ಸರಿಯಾಗಿ ತಗೊಳ್ತಾರೆ. ಆ ಡಾಕ್ಟರಿಗೆ ಥ್ಯಾಂಕ್ಸ್ ಹೇಳಬೇಕು ಅಂತ ನನಗೆ ಆಸೆ. ಅಣ್ಣ ನಗುತ್ತಾನೆ. "ಡಾಕ್ಟರಿಗೆ ಕೈ ಚೆನ್ನಾಗಿರಬೇಕು, ಬಾಯಿ ಅಲ್ಲ. ಅವರ ಕೆಲಸ ಅವರು ಮಾಡಿದ್ದಾರೆ" ಅಂತಾನೆ. ಯಾರು ಸರಿ? ಹೇಳುವುದಾದರೆ ಹೇಗೆ ಹೇಳಬೇಕು?

ಉತ್ತರ: ನಿಮ್ಮ ಅಣ್ಣ ಹೇಳಿದ್ದರಲ್ಲಿ ಅರ್ಧ ನಿಜ. ಕರುಳು ತೂತಾಗಿ ಆಪರೇಷನ್ ಟೇಬಲ್ ಮೇಲೆ ಮಲಗಿದರೆ ನನಗೂ ಬೇಕಾಗಿರುವುದು ಕೈ ನಡುಗದ ಸರ್ಜನ್. ಅವರು ನಗುನಗುತ್ತಾ ಮಾತಾಡಿಸಿದರೋ ಇಲ್ಲವೋ ಅನ್ನುವುದು ಆ ಹೊತ್ತಿಗೆ ಲೆಕ್ಕಕ್ಕಿಲ್ಲ. ಬರೀ ಸಿಹಿ ಮಾತಿನಿಂದ ಅಪಾಯವೂ ಇದೆ. ನೆಗಡಿಗೆ ಆ್ಯಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ ಅಂತ ಚೆನ್ನಾಗಿ ಗೊತ್ತಿದ್ದೂ, ರೋಗಿಗೆ ಬೇಜಾರಾಗಬಾರದು ಅಂತ ಬರೆದುಕೊಡುವ ಡಾಕ್ಟರುಗಳಿದ್ದಾರೆ. ರೋಗಿಗೂ ಖುಷಿ, ಡಾಕ್ಟರಿಗೂ ಒಳ್ಳೆಯ ಹೆಸರು. ಅದನ್ನು ನಾನು ಕರುಣೆ ಅಂತ ಕರೆಯುವುದಿಲ್ಲ.

ಉಳಿದ ಅರ್ಧದಲ್ಲಿ ಅಣ್ಣ ಎಡವಿದ್ದಾರೆ. ಅದಕ್ಕೆ ಸಾಕ್ಷಿ ನೀವು ಬರೆದಿದ್ದರಲ್ಲೇ ಇದೆ. ತಾಯಿಯವರು ಎರಡು ಸಲ ಅಡ್ಮಿಟ್ ಆಗಿದ್ದಾರೆ. ಇಸಿಜಿ, ಎಕೋ, ರಕ್ತ ಪರೀಕ್ಷೆ ಎಲ್ಲಾ ಆಗಿರುತ್ತದೆ. ಮಾತ್ರೆ ಯಾಕೆ ಬಿಡುತ್ತಿದ್ದಾರೆ ಅಂತ ಅದರಲ್ಲಿ ಯಾವ ರಿಪೋರ್ಟೂ ಹೇಳುವುದಿಲ್ಲ. ಅದು ಅವರ ಬಾಯಿಂದಲೇ ಬರಬೇಕು.

ಯಾಕೆ ಬಿಟ್ಟರು ಅನ್ನುವುದು ಅರ್ಥವಾಗುವಂಥದ್ದೇ. ನೀರಿನ ಮಾತ್ರೆ ಅಂದರೆ ಸಾಮಾನ್ಯವಾಗಿ ಫ್ಯೂರೋಸೆಮೈಡ್ ಅಥವಾ ಅದರ ಜಾತಿಯದು. ನುಂಗಿದ ಒಂದು ಗಂಟೆಯೊಳಗೆ ಕೆಲಸ ಶುರು ಮಾಡುತ್ತದೆ, ಆರೆಂಟು ಗಂಟೆ ಇರುತ್ತದೆ. ಅಷ್ಟು ಹೊತ್ತೂ ಮತ್ತೆ ಮತ್ತೆ ಮೂತ್ರಕ್ಕೆ ಓಡಬೇಕು. ಬಸ್ಸಿನಲ್ಲಿ ಕೂತವರಿಗೆ, ಯಾರದೋ ಮನೆಗೆ ಹೋದವರಿಗೆ ಅದು ಎಂಥ ಫಜೀತಿ ಅಂತ ಅನುಭವಿಸಿದವರಿಗೇ ಗೊತ್ತು. ಮಗನ ಮುಂದೆ ಹೇಳಿಕೊಳ್ಳಲು ನಾಚಿಕೆ. ದೊಡ್ಡ ಡಾಕ್ಟರ್ ಮುಂದೆ ಭಯ. ಹಾಗಾಗಿ ಸುಮ್ನೆ ಬಿಟ್ಟುಬಿಡುತ್ತಾರೆ. ದೇಹದಲ್ಲಿ ನೀರು ನಿಲ್ಲುತ್ತದೆ, ಕಾಲು ಊದುತ್ತದೆ, ಮಲಗಿದರೆ ಉಸಿರು ಕಟ್ಟುತ್ತದೆ.

ಇದು ಗೊತ್ತಾಗದೇ ಇದ್ದಿದ್ದರೆ ಏನಾಗುತ್ತಿತ್ತು? ಎಷ್ಟೇ ಬುದ್ಧಿವಂತ ಡಾಕ್ಟರ್ ಆದರೂ "ಈ ಡೋಸ್ ಸಾಲುತ್ತಿಲ್ಲ" ಅಂತಲೇ ಲೆಕ್ಕ ಹಾಕುತ್ತಿದ್ದರು. ಡೋಸ್ ಏರುತ್ತಿತ್ತು. ಏರಿದ ಡೋಸನ್ನು ತಾಯಿಯವರು ಒಂದು ವಾರ ತಪ್ಪದೆ ನುಂಗಿದ್ದರೆ ಬಿಪಿ ಇಳಿದು ತಲೆ ತಿರುಗಬಹುದಿತ್ತು, ಪೊಟ್ಯಾಸಿಯಂ ಏರುಪೇರಾಗಬಹುದಿತ್ತು, ಕಿಡ್ನಿಗೂ ಪೆಟ್ಟು. ಕೈ ಚೆನ್ನಾಗಿದ್ದರೂ ತಪ್ಪು ಮಾಹಿತಿ ಸಿಕ್ಕಿದರೆ ಆ ಕೈ ತಪ್ಪು ಔಷಧಿಯನ್ನೇ ಬರೆಯುತ್ತದೆ. ಸ್ಟೂಲ್ ಎಳೆದುಕೊಂಡು ಕೂತದ್ದೂ ತಪಾಸಣೆಯೇ.

ಕೇಳುವ ರೀತಿಯ ಬಗ್ಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ನನ್ನ ಹತ್ತಿರ ಕಲಿಯಲು ಬರುವ ಕಿರಿಯರಿಗೆ ನಾನು ಜಾಸ್ತಿ ಸಮಯ ಕೊಟ್ಟು ಹೇಳಿಕೊಡುವುದು ಇದನ್ನೇ. "ಮಾತ್ರೆ ಸರಿಯಾಗಿ ತಗೋತಿದೀರಾ?" ಅಂತ ಕೇಳಿದರೆ ನೂರಕ್ಕೆ ತೊಂಬತ್ತು ಜನ "ಹ್ಞೂಂ" ಅನ್ನುತ್ತಾರೆ. ಅದು ಸುಳ್ಳು ಹೇಳುವ ಚಟ ಅಲ್ಲ. ಆ ಪ್ರಶ್ನೆಗೆ ಬೇರೆ ಉತ್ತರ ಕೊಡುವುದೇ ಕಷ್ಟ. ಅದೇ, "ಈ ಮಾತ್ರೆ ತಗೊಂಡರೆ ಓಡಾಡೋದು ಕಷ್ಟ ಅಂತ ಬಹಳ ಜನ ಹೇಳ್ತಾರೆ. ಕೆಲವರು ಹೊರಗೆ ಹೋಗೋ ದಿನ ಬಿಟ್ಟೇ ಬಿಡ್ತಾರೆ. ನೀವು ಹೇಗೆ ಮಾಡ್ತೀರಿ?" ಅಂತ ಕೇಳಿ ನೋಡಿ. ರೋಗಿ ಒಂದು ಕ್ಷಣ ಮುಖ ನೋಡುತ್ತಾರೆ. ಆಮೇಲೆ ಎಲ್ಲಾ ಹೊರಗೆ ಬರುತ್ತದೆ. ಆಗ ಡಾಕ್ಟರ್ ಹುಬ್ಬು ಗಂಟಿಕ್ಕಿದರೆ ಕೆಲಸ ಕೆಟ್ಟಿತು. ಬೈಸಿಕೊಂಡವರು ಮುಂದಿನ ಸಲ ಇನ್ನೂ ಜಾಣತನದಿಂದ ಮುಚ್ಚಿಡುತ್ತಾರೆ. ಆ ಕಿರಿಯ ಡಾಕ್ಟರ್ ಬೈಯಲಿಲ್ಲ ಅಂತ ನೀವು ಬರೆದಿದ್ದೀರಲ್ಲ, ಇಡೀ ಪ್ರಶ್ನೆಯಲ್ಲಿ ನನಗೆ ಬಹಳ ಹಿಡಿಸಿದ ಮಾತು ಅದು.

"ಕೇಳುತ್ತಾ ಕೂತರೆ ಹೊತ್ತು ಸಾಕಾಗುವುದಿಲ್ಲ" ಅನ್ನುವುದು ನಮ್ಮ ಡಾಕ್ಟರುಗಳ ಹಳೆಯ ವಾದ. ಇದನ್ನು ಅಳೆದು ನೋಡಿದವರಿದ್ದಾರೆ. 1984ರಲ್ಲಿ ಅಮೆರಿಕದ ಬೆಕ್‌ಮನ್ ಮತ್ತು ಫ್ರಾಂಕೆಲ್ ಎಂಬ ಇಬ್ಬರು, ಡಾಕ್ಟರ್–ರೋಗಿ ಮಾತುಕತೆಗಳನ್ನು ರೆಕಾರ್ಡ್ ಮಾಡಿ ಕೇಳಿದರು. ರೋಗಿ ಮಾತು ಶುರು ಮಾಡಿದ ಸರಾಸರಿ 18 ಸೆಕೆಂಡಿಗೆ ಡಾಕ್ಟರ್ ಬಾಯಿ ಹಾಕಿದ್ದರು. ಹಾಗಾದರೆ ಬಾಯಿ ಹಾಕದೇ ಬಿಟ್ಟರೆ ರೋಗಿ ಎಷ್ಟು ಹೊತ್ತು ಮಾತಾಡುತ್ತಾರೆ? ಅದನ್ನು ಸ್ವಿಟ್ಜರ್ಲೆಂಡಿನಲ್ಲಿ ನೋಡಿದರು. 2002ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 335 ರೋಗಿಗಳಿದ್ದರು. ಡಾಕ್ಟರುಗಳಿಗೆ ಹೇಳಿದ್ದು ಇಷ್ಟೇ: ಸುಮ್ಮನೆ ಕೇಳಿಸಿಕೊಳ್ಳಿ, ಅವರೇ ನಿಲ್ಲಿಸುವ ತನಕ. ಸರಾಸರಿ 92 ಸೆಕೆಂಡು. ನೂರಕ್ಕೆ 78 ಜನ ಎರಡು ನಿಮಿಷದೊಳಗೆ ತಾವಾಗಿಯೇ ಮಾತು ಮುಗಿಸಿದ್ದರು. ಐದು ನಿಮಿಷ ದಾಟಿದವರು ಏಳೇ ಜನ, ಅವರು ಹೇಳಿದ್ದೂ ಬೇಕಾದ ಮಾತೇ ಅಂತ ಆ ಡಾಕ್ಟರುಗಳೇ ಒಪ್ಪಿಕೊಂಡರು.

ಕೂರುವುದಕ್ಕಂತೂ ಹೊತ್ತು ಬೇಕಾಗಿಯೇ ಇಲ್ಲ. ಅಮೆರಿಕದ ಕಾನ್ಸಸ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಒಬ್ಬ ನರಶಸ್ತ್ರಚಿಕಿತ್ಸಕರು ಆಪರೇಷನ್ ಆದ ರೋಗಿಗಳನ್ನು ನೋಡಲು ಹೋದಾಗ ಕೆಲವರ ಹತ್ತಿರ ನಿಂತು, ಕೆಲವರ ಹತ್ತಿರ ಕೂತು ಮಾತಾಡಿದರು. ಎರಡರಲ್ಲೂ ಅವರು ಅಲ್ಲಿದ್ದದ್ದು ಒಂದರಿಂದ ಒಂದೂವರೆ ನಿಮಿಷದ ಒಳಗೆ. ಆದರೆ ಕೂತು ಮಾತಾಡಿಸಿದವರನ್ನು ಆಮೇಲೆ ಕೇಳಿದರೆ, ಡಾಕ್ಟರ್ ಐದು ನಿಮಿಷ ಇದ್ದರು ಅಂದರು. 2012ರ ಅಧ್ಯಯನ ಇದು. ಒಬ್ಬರೇ ಡಾಕ್ಟರ್, ಒಂದೇ ಆಸ್ಪತ್ರೆ, ಹಾಗಾಗಿ ಇದನ್ನೇ ವೇದವಾಕ್ಯ ಮಾಡಬೇಕಿಲ್ಲ. ಆದರೂ ವಾರ್ಡ್ ರೌಂಡಿನಲ್ಲಿ ಇದನ್ನು ಮಾಡಿ ನೋಡಿದ ಯಾರೂ ಅಲ್ಲಗಳೆಯಲಾರರು ಅಂತ ನನ್ನ ಅನಿಸಿಕೆ.

ರೋಗ ವಾಸಿಯಾಗುವುದಕ್ಕೆ ಇದರಿಂದ ಏನಾದರೂ ಆಗುತ್ತಾ ಅಂತ ಅಣ್ಣ ಕೇಳಬಹುದು. ನನಗೆ ಬಹಳ ಇಷ್ಟವಾದ ಉದಾಹರಣೆ ಹಳೆಯದು, 1964ರದು. ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಹೊಟ್ಟೆಯ ಆಪರೇಷನ್ ಆಗಬೇಕಿದ್ದ 97 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಅರಿವಳಿಕೆ ಡಾಕ್ಟರ್ ಮೊದಲೇ ಹೋಗಿ ಕೂತು ವಿವರಿಸಿದರು. ನೋವು ಎಲ್ಲಿ ಬರುತ್ತದೆ, ಯಾಕೆ ಬರುತ್ತದೆ, ಮಗ್ಗುಲು ಬದಲಿಸುವಾಗ ಹೇಗೆ ಹೊರಳಬೇಕು, ಬಿಗಿಹಿಡಿದ ಹೊಟ್ಟೆಯನ್ನು ಹೇಗೆ ಸಡಿಲ ಬಿಡಬೇಕು, ಇಂಥವು. ಆಪರೇಷನ್ ಆದ ಮೇಲೂ ಹೋಗಿ ಮಾತಾಡಿಸಿದರು. ಇನ್ನೊಂದು ಗುಂಪಿಗೆ ಎಂದಿನ ಹಾಗೆ. ಮಾತಾಡಿಸಿದ ಗುಂಪಿಗೆ ನೋವಿಗೆ ಕೊಡುವ ಮಾರ್ಫಿನ್ ಜಾತಿಯ ಔಷಧಿ ಅರ್ಧದಷ್ಟು ಸಾಕಾಯಿತು. ಯಾರು ಯಾವ ಗುಂಪು ಅಂತ ಗೊತ್ತಿಲ್ಲದ ಸರ್ಜನ್‌ಗಳು ಇವರನ್ನು ಸರಾಸರಿ 2.7 ದಿನ ಮೊದಲೇ ಮನೆಗೆ ಕಳಿಸಿದರು. ಔಷಧಿ ಕಂಪನಿಯ ಹೊಸ ಮಾತ್ರೆಯೊಂದು ಇಷ್ಟು ಮಾಡಿದ್ದರೆ ಜಗತ್ತಿನ ಎಲ್ಲಾ ವಾರ್ಡಿನಲ್ಲೂ ಅದು ಇರುತ್ತಿತ್ತು, ಅಲ್ವಾ?

ಸಕ್ಕರೆ ಕಾಯಿಲೆಯಲ್ಲೂ ಇಂಥದ್ದು ಕಂಡಿದೆ. ಫಿಲಡೆಲ್ಫಿಯಾದಲ್ಲಿ 29 ಡಾಕ್ಟರುಗಳ 891 ರೋಗಿಗಳನ್ನು ನೋಡಿ 2011ರಲ್ಲಿ ಬರೆದರು. ರೋಗಿಯ ಕಷ್ಟ ಅರ್ಥ ಮಾಡಿಕೊಳ್ಳುವುದರಲ್ಲಿ ಹೆಚ್ಚು ಅಂಕ ಬಂದ ಡಾಕ್ಟರುಗಳ ಹತ್ತಿರ 56 ಶೇಕಡಾ ರೋಗಿಗಳ ಸಕ್ಕರೆ ಹತೋಟಿಯಲ್ಲಿತ್ತು. ಕಡಿಮೆ ಅಂಕದವರ ಹತ್ತಿರ 40 ಶೇಕಡಾ. ಇದರಿಂದಲೇ ಅದಾಯಿತು ಅಂತ ಖಡಾಖಂಡಿತ ಹೇಳುವ ಹಾಗಿಲ್ಲ. ಒಳ್ಳೆಯ ಡಾಕ್ಟರುಗಳಲ್ಲಿ ಬೇರೆ ಒಳ್ಳೆಯ ಗುಣಗಳೂ ಇದ್ದಿರಬಹುದು.

ಇನ್ನು, ಸಮಾಧಾನದ ಮಾತಿಗೂ ಮಿತಿ ಇದೆ. 1999ರಲ್ಲಿ ಅಮೆರಿಕದಲ್ಲೇ ಒಂದು ಪ್ರಯೋಗ ಮಾಡಿದರು. ಸ್ತನ ಕ್ಯಾನ್ಸರ್ ಚಿಕಿತ್ಸೆ ಬಗ್ಗೆ ಡಾಕ್ಟರ್ ವಿವರಿಸುವ ವಿಡಿಯೊವನ್ನು ಮಹಿಳೆಯರಿಗೆ ತೋರಿಸಿದರು. ಕೆಲವರು ನೋಡಿದ ವಿಡಿಯೊದಲ್ಲಿ "ಇದು ಕಷ್ಟದ ಹೊತ್ತು, ನಾನು ನಿಮ್ಮ ಜೊತೆ ಇರುತ್ತೇನೆ" ಅನ್ನುವ ಧಾಟಿಯ ಸುಮಾರು 40 ಸೆಕೆಂಡಿನ ಮಾತು ಹೆಚ್ಚಿಗೆ ಇತ್ತು. ಅಷ್ಟಕ್ಕೇ ಅವರ ಆತಂಕ ಕಡಿಮೆಯಾಯಿತು. ಆದರೆ ವಿವರ ನೆನಪಿಟ್ಟುಕೊಳ್ಳುವುದರಲ್ಲಿ ಎರಡೂ ಗುಂಪು ಅಷ್ಟಕ್ಕಷ್ಟೇ. ಹಾಗಾಗಿ ಕೈ ಹಿಡಿದು ಸಮಾಧಾನ ಹೇಳಿದ ಡಾಕ್ಟರ್, ಮಾತ್ರೆಯ ವಿವರವನ್ನು ಚೀಟಿಯಲ್ಲೂ ಬರೆದುಕೊಡಬೇಕು. "ನಾನು ಹೇಳಿದ್ದು ಏನು ಅಂತ ಒಂದು ಸಲ ನೀವು ಹೇಳಿ ನೋಡೋಣ" ಅಂತ ರೋಗಿಯ ಬಾಯಿಂದ ಹೇಳಿಸಬೇಕು.

ಈಗ ತಲೆ ಎತ್ತದ ದೊಡ್ಡ ಡಾಕ್ಟರ್ ವಿಷಯ. ಅವರನ್ನು ಕಲ್ಲುಹೃದಯದವರು ಅನ್ನಲು ನನಗೆ ಮನಸ್ಸಿಲ್ಲ. 67 ದೇಶಗಳ ಲೆಕ್ಕ ತೆಗೆದು 2017ರಲ್ಲಿ ಪ್ರಕಟಿಸಿದ ಪರಿಶೀಲನೆಯ ಪ್ರಕಾರ, ಒಬ್ಬ ರೋಗಿಗೆ ಡಾಕ್ಟರ್ ಹತ್ತಿರ ಸಿಗುವ ಸರಾಸರಿ ಸಮಯ ಸ್ವೀಡನ್‌ನಲ್ಲಿ 22.5 ನಿಮಿಷ, ಬಾಂಗ್ಲಾದೇಶದಲ್ಲಿ 48 ಸೆಕೆಂಡು. ಜಗತ್ತಿನ ಅರ್ಧದಷ್ಟು ಜನ ಇರುವ ದೇಶಗಳಲ್ಲಿ ಅದು ಐದು ನಿಮಿಷ ದಾಟುವುದಿಲ್ಲ. ಸಿಕ್ಕ ಆ ಸಮಯದಲ್ಲಿ ಕಂಪ್ಯೂಟರಿಗೂ ಪಾಲು ಕೊಡಬೇಕು. ಅಮೆರಿಕದಲ್ಲಿ 2016ರಲ್ಲಿ ಅಳೆದಾಗ, ರೋಗಿಯ ಜೊತೆ ಕಳೆದ ಪ್ರತಿ ಗಂಟೆಗೆ ಹೆಚ್ಚುಕಡಿಮೆ ಎರಡು ಗಂಟೆ ದಾಖಲೆ, ಕಾಗದ ಪತ್ರದ ಕೆಲಸಕ್ಕೆ ಹೋಗುತ್ತಿತ್ತು.

ಕರುಣೆ ಬತ್ತುವುದು ಕೆಲಸದ ಹೊರೆಯಿಂದ. ಅದು ಓದುವಾಗಲೇ ಶುರುವಾಗುತ್ತದೆ ಅನ್ನುವುದು ಬೇಸರದ ಸಂಗತಿ. 2009ರಲ್ಲಿ ಮೇಲಿನ ಫಿಲಡೆಲ್ಫಿಯಾದವರೇ ವಿದ್ಯಾರ್ಥಿಗಳನ್ನು ವರ್ಷವರ್ಷವೂ ಅಳೆದು ನೋಡಿದರು. ರೋಗಿಯ ಕಷ್ಟಕ್ಕೆ ಮಿಡಿಯುವ ಗುಣ ಮೂರನೇ ವರ್ಷದಲ್ಲಿ ಗಣನೀಯವಾಗಿ ಇಳಿದಿತ್ತು. ಅಲ್ಲಿ ಮೂರನೇ ವರ್ಷ ಅಂದರೆ ಪುಸ್ತಕ ಬಿಟ್ಟು ವಾರ್ಡಿಗೆ ಕಾಲಿಡುವ ವರ್ಷ! ನಿದ್ದೆ ಇಲ್ಲ, ಹಿರಿಯರ ಬೈಗುಳ, ಕಣ್ಣೆದುರೇ ಸಾವು.

"ಎಲ್ಲರ ನೋವನ್ನೂ ಮನಸ್ಸಿಗೆ ಹಚ್ಚಿಕೊಂಡರೆ ನಾವು ಉಳಿಯುತ್ತೇವಾ?" ಅಂತ ಕಿರಿಯರು ನನ್ನನ್ನು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿದ್ದ ಟಾನಿಯಾ ಸಿಂಗರ್ ಮತ್ತು ಜೊತೆಯವರು ಇದನ್ನು ಮೆದುಳಿನ ಸ್ಕ್ಯಾನ್ ಮಾಡಿ ನೋಡಿದ್ದಾರೆ. ಇನ್ನೊಬ್ಬರ ನೋವನ್ನು ತನ್ನದೇ ನೋವು ಅನ್ನುವಷ್ಟು ಅನುಭವಿಸಲು ತರಬೇತಿ ಕೊಟ್ಟರೆ ಜನ ಕುಗ್ಗಿಹೋದರು. ಆಮೇಲೆ ಅದೇ ಜನಕ್ಕೆ, ನೊಂದವರಿಗೆ ಒಳ್ಳೆಯದಾಗಲಿ ಅಂತ ಪ್ರೀತಿಯಿಂದ ಹಾರೈಸುವ ತರಬೇತಿ ಕೊಟ್ಟಾಗ ಕುಗ್ಗಿದ ಮನಸ್ಸು ಚೇತರಿಸಿಕೊಂಡಿತು. ಮೆದುಳಿನಲ್ಲಿ ಎಚ್ಚರಗೊಂಡ ಭಾಗಗಳೂ ಬೇರೆ. ನನ್ನ ಅನುಭವವೂ ಇದಕ್ಕೆ ಹತ್ತಿರ. ರೋಗಿಯ ಜೊತೆ ಅಳುವ ಡಾಕ್ಟರ್ ಬೇಗ ಸುಸ್ತಾಗುತ್ತಾರೆ. "ಈಗ ಇವರಿಗೆ ನಾನು ಏನು ಮಾಡಬಲ್ಲೆ?" ಅಂತ ಯೋಚಿಸಿ ಸ್ಟೂಲ್ ಎಳೆದುಕೊಳ್ಳುವವರು ಸಂಜೆಗೆ ಅಷ್ಟು ಬಳಲಿರುವುದಿಲ್ಲ.

ಡಾಕ್ಟರುಗಳ ಬಳಲಿಕೆಯನ್ನು ಈಗ ಅವರ ಸಂಘಟನೆಗಳೂ ಗಂಭೀರವಾಗಿ ತಗೊಂಡಿವೆ. ಡಾಕ್ಟರುಗಳು ಸ್ವೀಕರಿಸುವ ಜಿನೀವಾ ಪ್ರತಿಜ್ಞೆ 1948ರದು. ತನ್ನ ಆರೋಗ್ಯವನ್ನೂ ನೋಡಿಕೊಳ್ಳುತ್ತೇನೆ, ಚೆನ್ನಾಗಿ ಚಿಕಿತ್ಸೆ ಕೊಡಲು ಅದು ಬೇಕು ಅನ್ನುವ ಸಾಲು ಅದಕ್ಕೆ ಸೇರಿದ್ದು 2017ರಲ್ಲಿ. ಅಷ್ಟು ವರ್ಷ ಯಾರಿಗೂ ಹೊಳೆದಿರಲಿಲ್ಲ ನೋಡಿ.

ಇನ್ನು ನಿಮ್ಮ ಥ್ಯಾಂಕ್ಸ್. ಖಂಡಿತ ಹೇಳಿ. ಇದು ಮರ್ಯಾದೆಗೆ ಹೇಳುವ ಮಾತು ಅಂದುಕೊಳ್ಳಬೇಡಿ. ಇಸ್ರೇಲಿನಲ್ಲಿ ರಿಸ್ಕಿನ್ ಎಂಬ ನವಜಾತ ಶಿಶು ತಜ್ಞರು ಮತ್ತು ಜೊತೆಯವರು ಎರಡು ಅಧ್ಯಯನ ಮಾಡಿದ್ದಾರೆ. 2015ರದ್ದರಲ್ಲಿ 24 ತಂಡಗಳಿಗೆ ಅವಧಿಗೆ ಮುಂಚೆ ಹುಟ್ಟಿದ ಮಗುವಿನ ಕಾಯಿಲೆಯ ಅಣಕು ಪರೀಕ್ಷೆ ಕೊಟ್ಟರು. ಕೆಲವು ತಂಡಗಳಿಗೆ ಹೊರಗಿನ ತಜ್ಞರೊಬ್ಬರು ಕೊಂಕು ಮಾತಾಡಿದರು. ಆ ತಂಡಗಳು ರೋಗ ಪತ್ತೆಯಲ್ಲೂ, ಕೈಕೆಲಸದಲ್ಲೂ ಎಡವಿದವು. 2019ರದ್ದರಲ್ಲಿ ಉಲ್ಟಾ ಮಾಡಿದರು. 43 ತಂಡಗಳಲ್ಲಿ ಕೆಲವಕ್ಕೆ, ಇಂಥದೇ ಮಗುವಿನ ತಾಯಿ ಕೃತಜ್ಞತೆ ಹೇಳುವುದನ್ನು ತೋರಿಸಿದರು. ಆ ತಂಡಗಳ ಕೆಲಸ ಚೆನ್ನಾಗಿತ್ತು, ಯಾಕೆಂದರೆ ಅವರು ಒಬ್ಬರಿಗೊಬ್ಬರು ವಿಷಯ ಹೆಚ್ಚು ಹಂಚಿಕೊಂಡರು. ನೀವು ಹೇಳುವ ಥ್ಯಾಂಕ್ಸ್ ಮುಂದಿನ ಹಾಸಿಗೆಯ ರೋಗಿಗೂ ಉಪಯೋಗಕ್ಕೆ ಬರಬಹುದು.

ಹೇಗೆ ಹೇಳುವುದು? "ನೀವು ನಮ್ಮ ಪಾಲಿನ ದೇವರು" ಅಂತ ಬರೆಯಬೇಡಿ. ಆ ಪಟ್ಟ ನಮಗೆ ಭಾರ. ದೇವರು ಅಂತ ಕೈ ಮುಗಿದವರೇ, ಜೀವ ಉಳಿಯದ ದಿನ ಕಾಲರ್ ಹಿಡಿದದ್ದನ್ನು ನಮ್ಮಲ್ಲಿ ಬಹಳ ಜನ ಕಂಡಿದ್ದೇವೆ. ಅವರು ಏನು ಮಾಡಿದರು, ಅದರಿಂದ ಏನಾಯಿತು, ಅಷ್ಟು ಬರೆಯಿರಿ. "ನೀವು ಕೂತು ಕೇಳಿದ್ದರಿಂದ ಅಮ್ಮ ಮಾತ್ರೆ ವಿಷಯ ಹೇಳಿದರು. ನೀವು ಬೈಯದೇ ಹೊತ್ತು ಬದಲಿಸಿಕೊಟ್ಟಿರಿ. ಆಮೇಲೆ ಅವರು ಮಾತ್ರೆ ತಪ್ಪಿಸಿಲ್ಲ." ಮೂರು ಸಾಲು ಸಾಕು. ಇಂಥ ಚೀಟಿ ಓದಿದ ಡಾಕ್ಟರಿಗೆ ನಾಳೆ ಯಾವುದನ್ನು ಮತ್ತೆ ಮಾಡಬೇಕು ಅಂತ ಗೊತ್ತಾಗುತ್ತದೆ. ತಾಯಿಯವರೇ ಬರೆದರೆ ಇನ್ನೂ ಚೆನ್ನ. ದುಬಾರಿ ಉಡುಗೊರೆ ಬೇಡ, ಕೊಟ್ಟವರಿಗಿಂತ ತಗೊಂಡವರಿಗೆ ಮುಜುಗರ. ಅವರನ್ನು ಕೇಳದೇ ಫೋಟೊ ಹಾಕುವುದೂ ಬೇಡ.

ನರ್ಸ್‌ಗಳನ್ನು ಮರೆಯಬೇಡಿ. ಕೆನೆತ್ ಶ್ವಾರ್ಟ್ಸ್ ಅಂತ ಬಾಸ್ಟನ್‌ನ ವಕೀಲರೊಬ್ಬರಿದ್ದರು. ನಲವತ್ತನೇ ವಯಸ್ಸಿಗೆ ಶ್ವಾಸಕೋಶದ ಕ್ಯಾನ್ಸರ್ ಬಂದು 1995ರಲ್ಲಿ ತೀರಿಕೊಂಡರು. ಸಾಯುವ ಸ್ವಲ್ಪ ತಿಂಗಳ ಮುಂಚೆ ಪತ್ರಿಕೆಯಲ್ಲಿ ತಮ್ಮ ಅನುಭವ ಬರೆದರು. ಅದರಲ್ಲಿ ಬರುವ ನರ್ಸ್ ಒಬ್ಬರು ಆಪರೇಷನ್‌ಗೆ ಮುಂಚಿನ ವಿವರ ಬರೆದುಕೊಳ್ಳುವವರು. ಮೊದಲು ಬಿಗಿಯಾಗಿಯೇ ಇದ್ದರು. ಇವರಿಗೆ ಶ್ವಾಸಕೋಶದ ಕ್ಯಾನ್ಸರ್ ಇರಬಹುದು ಅಂತ ತಿಳಿದು ಮಾತು ಮೆತ್ತಗಾಯಿತು, ಇವರ ಎರಡು ವರ್ಷದ ಮಗನ ಬಗ್ಗೆಯೂ ಮಾತಾಡಿದರು. ಮರುದಿನ, ತಮ್ಮ ಕೆಲಸದ ಜಾಗ ಅಲ್ಲದಿದ್ದರೂ, ಆಪರೇಷನ್‌ಗೆ ಕಾಯುತ್ತಿದ್ದ ಅವರ ಹತ್ತಿರ ಬಂದು ಕೈ ಹಿಡಿದು ಒಳ್ಳೆಯದಾಗಲಿ ಅಂದು ಹೋದರು. ಶ್ವಾರ್ಟ್ಸ್ ಅವರ ಹೆಸರಿನಲ್ಲಿ ಹುಟ್ಟಿದ ಸಂಸ್ಥೆ ಶುರು ಮಾಡಿದ ಶ್ವಾರ್ಟ್ಸ್ ರೌಂಡ್ಸ್ ಈಗ ಹಲವು ಆಸ್ಪತ್ರೆಗಳಲ್ಲಿ ನಡೆಯುತ್ತದೆ. ಡಾಕ್ಟರ್, ನರ್ಸ್, ಉಳಿದ ಸಿಬ್ಬಂದಿ ಒಟ್ಟಿಗೆ ಕೂತು, ಮನಸ್ಸಿಗೆ ತಟ್ಟಿದ ರೋಗಿಗಳ ಬಗ್ಗೆ ಮಾತಾಡುತ್ತಾರೆ. ಔಷಧಿಯ ಚರ್ಚೆ ಅಲ್ಲ, ತಮಗೆ ಹೇಗನಿಸಿತು ಅನ್ನುವ ಮಾತು.

ದೊಡ್ಡ ಡಾಕ್ಟರಿಗೂ ಒಂದು ಮಾತು ಹೇಳಿ. ಕಿರಿಯರು ಕೇಳಿದಾಗ ಹೊತ್ತು ಬದಲಿಸಲು ಒಪ್ಪಿದ್ದು ಅವರೇ ತಾನೆ? ಮುಂದಿನ ಸಲ ಹೋದಾಗ ಕೂತ ತಕ್ಷಣ, "ಡಾಕ್ಟ್ರೇ, ಕೇಳಬೇಕಾದ್ದು ಎರಡು ವಿಷಯ ಇದೆ" ಅಂತ ಚೀಟಿ ತೆಗೆಯಿರಿ. ಎರಡೇ ಅಂತ ಗೊತ್ತಾದರೆ ಎಂಥ ಅವಸರದವರೂ ಒಮ್ಮೆ ಸ್ಕ್ರೀನ್ ಬಿಟ್ಟು ನಿಮ್ಮ ಕಡೆ ತಿರುಗುತ್ತಾರೆ. ತಿರುಗದಿದ್ದರೆ, "ಸ್ವಲ್ಪ ಅಮ್ಮನ ಕಡೆ ನೋಡಿ ಹೇಳ್ತೀರಾ? ಅವರಿಗೆ ಧೈರ್ಯ ಬರುತ್ತೆ" ಅಂತ ಮೆತ್ತಗೆ ಕೇಳಿದರೆ ತಪ್ಪೇನಿಲ್ಲ.

ಕೊನೆಗೆ ಒಂದು ಸಣ್ಣ ಅಡಚಣೆ. ನಿಮ್ಮ ಪ್ರಶ್ನೆಯಲ್ಲಿ ಆ ಕಿರಿಯ ಡಾಕ್ಟರ ಹೆಸರಿಲ್ಲ. ನಿಮಗೂ ಗೊತ್ತಿಲ್ಲದಿರಬಹುದು. ಕಲಿಯುತ್ತಿರುವವರನ್ನು ಆಗಾಗ ವಿಭಾಗದಿಂದ ವಿಭಾಗಕ್ಕೆ ಬದಲಿಸುತ್ತಾರೆ, ನೀವು ಹೋಗುವಷ್ಟರಲ್ಲಿ ಅವರು ಆ ವಾರ್ಡಿನಲ್ಲಿ ಇಲ್ಲದೇ ಹೋಗಬಹುದು. ಡಿಸ್ಚಾರ್ಜ್ ಚೀಟಿ ತೆಗೆದು ನೋಡಿ, ಕೆಳಗೆ ಸಹಿ ಅಥವಾ ಹೆಸರು ಸಾಮಾನ್ಯವಾಗಿ ಇರುತ್ತದೆ. ಇಲ್ಲದಿದ್ದರೆ ವಾರ್ಡಿನ ಹಿರಿಯ ನರ್ಸನ್ನು ಕೇಳಿ, ಇಂಥ ದಿನ ಡ್ಯೂಟಿಯಲ್ಲಿ ಯಾರಿದ್ದರು ಅಂತ ಹೇಳುತ್ತಾರೆ. ಚೀಟಿಯ ಒಂದು ಪ್ರತಿಯನ್ನು ವಿಭಾಗದ ಮುಖ್ಯಸ್ಥರಿಗೂ ಕೊಡಿ. ದೂರುಗಳು ಬೇಗ ಮೇಲಕ್ಕೆ ಹೋಗುತ್ತವೆ, ಹೊಗಳಿಕೆ ವಾರ್ಡಿನಲ್ಲೇ ಉಳಿದುಬಿಡುತ್ತದೆ. ಕಲಿಯುತ್ತಿರುವವರ ಫೈಲಿನಲ್ಲಿ ಅಂಥದ್ದೊಂದು ಕಾಗದ ಇದ್ದರೆ, ಅವರ ಕೆಲಸವನ್ನು ತೂಗಿ ನೋಡುವ ನನ್ನಂಥವರ ಕಣ್ಣಿಗೆ ಅದು ಬಿದ್ದೇ ಬೀಳುತ್ತದೆ.